ಎಡಕ್ಕೆ ಹೊರಳಿದರೆ ಸಾಯುವ ಗಾಡಿ

ಮಾರ್ಚ್ ೧೧, ಮಂಗಳವಾರ

ಎದುರುಮನೆಯ ಭಾವ ಇವತ್ತೂ ಬೈಕ್ ತಳ್ಳಿಕೊಂಡು ಹೋದ. ಮುಖ ಇಂಗು ತಿಂದ ಮಂಗನ ಹಾಗಿತ್ತು. ಕಿಟಕಿಯಿಂದ ನೋಡಿ ಹೊಟ್ಟೆ ತಣ್ಣಗಾಯಿತು.

ಅಪ್ಪನ ಬೈಕ್ ಅದು. ಅದರ ವೈರು, ಫ್ಯೂಸು ಎಲ್ಲ ನೋಡಿಕೊಂಡವಳು ನಾನು. ಅಪ್ಪ ಹೋದ ಮೇಲೆ ಈ ಅಕ್ಕನ ಗಂಡ ಬಂದು ಕೀ ಎತ್ತಿಕೊಂಡ. "ವೈರಿಂಗ್ ಗೀರಿಂಗ್ ನಿಂಗ್ಯಾಕಮ್ಮ? ಹೋಗಿ ಟೀ ಮಾಡು" ಎಂದ. ಮಾಡಿಕೊಟ್ಟೆ.

ಈಗ ಬ್ಯಾಟರಿ ಹೊಸದು, ಕಾಯಿಲ್ ಹೊಸದು. ಆದರೂ ಮನೆ ಮುಂದೆ ಎಷ್ಟು ಒದ್ದರೂ ಜೀವವಿಲ್ಲ, ಮೆಕ್ಯಾನಿಕ್ ಹತ್ತಿರ ಒಂದೇ ಕಿಕ್ಕಿಗೆ ಶುರು. ಕಾರಣ ನನಗೆ ಗೊತ್ತು. ಹ್ಯಾಂಡಲಿನ ಕೆಳಗೆ ಒಂದು ವೈರು ಒಳಗೇ ತುಂಡಾಗಿದೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಗಟ್ಟಿ. ಅವನು ನಿಲ್ಲಿಸುವ ಹಾಗೆ ಹ್ಯಾಂಡಲ್ ಎಡಕ್ಕೆ ಹೊರಳಿಸಿದರೆ ತುದಿಗಳು ಬೇರೆಯಾಗುತ್ತವೆ, ನೇರ ಮಾಡಿದರೆ ಕೂಡಿಕೊಳ್ಳುತ್ತವೆ.

ಸಂಜೆ ಹಲ್ಲು ಕಿರಿಯುತ್ತಾ ಬಂದ. "ನೀನೊಂದ್ಸಲ ನೋಡ್ತೀಯಾ?"

"ನಂಗೇನು ಗೊತ್ತಾಗುತ್ತೆ ಭಾವ? ಟೀ ಮಾಡ್ಲಾ?"

"ಗುಜರಿಗೆ ಹಾಕ್ತೀನಿ ಈ ದರಿದ್ರಾನ!"

"ಅದರ ಬದ್ಲು ಇವಳಿಗೇ ಕೊಟ್ಬಿಡಿ" ಎಂದಳು ಹಿಂದೆಯೇ ಬಂದ ಅಕ್ಕ.

ಒಪ್ಪಿದ. ಭಾನುವಾರ ತಾನೇ ತಳ್ಳಿಕೊಂಡು ಬರುತ್ತಾನಂತೆ. ಬರಲಿ. ಟೀ ಮಾಡಿಟ್ಟಿರುತ್ತೇನೆ. ಲೋಟ ಕೈಗೆ ಕೊಟ್ಟು, ಹ್ಯಾಂಡಲ್ ನೇರ ಮಾಡಿ, ಅವನ ಮೊದಲ ಗುಟುಕು ಗಂಟಲಲ್ಲಿ ಇಳಿಯುವ ಮುಂಚೆ ಒಂದೇ ಒಂದು ಕಿಕ್…