ನಾಲ್ಕು ಕೋಳಿ, ಒಂದು ಪೆಟ್ಟಿಗೆ

ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕಾ,

ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಕಾಗದ ಬಂದು ಎಷ್ಟೋ ದಿನವಾದರೂ ಉತ್ತರ ಬರೆಯದೆ ಕೂತಿದ್ದೆ. ಆದರೆ ಆ ಕಾಗದದಲ್ಲಿ ಇದ್ದದ್ದಾದರೂ ಏನು? ಒಂದೇ ಸಾಲು: "ಮೊಟ್ಟೆ ಇಟ್ಟವೇನೇ?" ತಂಗಿ ಹೇಗಿದ್ದಾಳೆ, ಅವಳ ಮೊಣಕಾಲು ಹೇಗಿದೆ, ಊಹೂಂ. ಇಲ್ಲ ಎಂದು ಬರೆಯಲು ನನಗೆ ಕೈ ಬರಲಿಲ್ಲ. ಫೋನು ಮಾಡೋಣವೆಂದರೆ ನಿನ್ನ ಕಿವಿಗೂ ಫೋನಿಗೂ ಆಗಿಬರುವುದಿಲ್ಲ. ನಾನು ಕಿರುಚಿದ್ದು ಬೀದಿಗೆಲ್ಲ ಕೇಳಿಸುತ್ತದೆ, ನಿನ್ನೊಬ್ಬಳನ್ನು ಬಿಟ್ಟು. ಸಾಲದ್ದಕ್ಕೆ ಇವರ ಜೊತೆ ದೊಡ್ಡಾಸ್ಪತ್ರೆಗೆ ಬೇರೆ ಓಡಾಡಬೇಕಾಯಿತು, ಸುಮ್ಮನೆ ತಪಾಸಣೆಗೆ. ಈಗ ನಿನ್ನ ಅಳಿಯ ಕೆಲಸದ ಮೇಲೆ ಈ ಕಡೆ ಬಂದಿದ್ದಾರೆ, ಸಂಜೆ ಹೊರಡುತ್ತಾರೆ. ಅವರ ಕೈಯಲ್ಲಿ ಕೊಡಲು ಬರೆಯುತ್ತಿದ್ದೇನೆ.

ಭಾವ ಹೋದ ಮೇಲೆ ನೀನು ಆ ಮನೆ ಖಾಲಿ ಮಾಡಿ ಮಗಳ ಮನೆಯ ಮೂರನೇ ಮಹಡಿಗೆ ಹೊರಟಾಗ, ನಿನ್ನ ನಾಲ್ಕು ಕೋಳಿಗಳನ್ನು ನನಗೆ ಒಪ್ಪಿಸಿ ಒಂದು ಮಾತು ಹೇಳಿದೆ, ನೆನಪಿದೆಯಾ? "ಇವು ನಿನ್ನ ಹಿತ್ತಲಲ್ಲಿ ಮೊಟ್ಟೆ ಇಟ್ಟ ದಿನ ನಾನು ಅಲ್ಲಿ ಪೆಟ್ಟಿಗೆ ಬಿಚ್ತೀನಿ. ಅಲ್ಲೀವರೆಗೂ ಇಲ್ಲ." ನಾನು ತಮಾಷೆ ಎಂದುಕೊಂಡಿದ್ದೆ. ಆಮೇಲೆ ನಿನ್ನ ಮಗಳು ಫೋನಿನಲ್ಲಿ ಅತ್ತಳು. "ಚಿಕ್ಕಮ್ಮ, ಅಮ್ಮ ಪೆಟ್ಟಿಗೆ ಬಿಚ್ಚೇ ಇಲ್ಲ. ಎರಡೇ ಬಟ್ಟೆ ಒಗೆದು ಒಗೆದು ಹಾಕ್ಕೋತಾಳೆ. ಬಸ್ಸಿಗೆ ಕಾಯೋರ ಥರ ಮಂಚದ ತುದೀಲಿ ಕೂತಿರ್ತಾಳೆ. ನಮ್ಮನೆ ಅವಳಿಗೆ ಮನೆ ಅನ್ನಿಸ್ತಾನೇ ಇಲ್ಲ." ಆವತ್ತು ನನಗೆ ಕೋಳಿಗಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಿತ್ತಲಿಗೆ ಹೋಗಿ, "ಏನ್ ದೊಡ್ಡಸ್ತಿಕೆ ನಿಮ್ದು? ಒಂದು ಮೊಟ್ಟೆ ಇಟ್ರೆ ಗಂಟೇನು ಹೋಗುತ್ತೆ?" ಎಂದು ಜಗಳವಾಡಿ ಬಂದೆ. ಅವು ನನ್ನ ಕಡೆ ಬೆನ್ನು ಹಾಕಿದವು.

ಪ್ರಯತ್ನದಲ್ಲಿ ಏನೂ ಕಮ್ಮಿ ಮಾಡಿಲ್ಲ ಅಕ್ಕಾ. ಪಶುವೈದ್ಯರನ್ನು ಕೇಳಿದೆವು. "ಜಾಗ ಬದಲಾಗಿದೆ, ಗಾಬರಿ ಬಿದ್ದಿವೆ. ಗಲಾಟೆ ಮಾಡ್ಬೇಡಿ, ಹೊತ್ತಿಗೆ ಸರಿಯಾಗಿ ಕಾಳು ನೀರು ಕೊಡಿ, ಕತ್ತಲಿರೋ ಕಡೆ ಗೂಡಿಡಿ, ಕಪ್ಪೆಚಿಪ್ಪಿನ ಪುಡಿ ಹಾಕಿ," ಎಂದರು. ಎಲ್ಲ ಮಾಡಿದೆ. ಹಿತ್ತಲ ಕಿಟಕಿಯ ಹತ್ತಿರವಿದ್ದ ಹೊಲಿಗೆ ಮಿಷನ್ನಿನ ಸದ್ದಿಗೆ ಬೆಚ್ಚುತ್ತಿದ್ದವೆಂದು ಅದನ್ನು ಮುಂದಿನ ಕೋಣೆಗೆ ಎಳೆಸಿದೆ. ಈಗ ಬಟ್ಟೆ ಹೊಲಿಸಲು ಬಂದವರು ಅದಕ್ಕೆ ಎಡವಿಕೊಂಡೇ ಒಳಗೆ ಬರುತ್ತಾರೆ.

ಗೂಡು ಮಾಡುವ ಕೆಲಸ ಇವರದು. ಜೀವನವಿಡೀ ಕೈಗಡಿಯಾರ ರಿಪೇರಿ ಮಾಡಿದವರಿಗೆ ಹಲಗೆ, ಸುತ್ತಿಗೆ ಕೊಟ್ಟರೆ ಹೇಗಿರುತ್ತದೆ, ನೀನೇ ಯೋಚಿಸು. ಒಂದೊಂದು ಮೊಳೆಯನ್ನೂ ಗಡಿಯಾರದ ಮುಳ್ಳಿನಂತೆ ಹಿಡಿದು ಕೂರುವುದು, ನಾಲ್ಕು ಏಟು ಹಾಕುವುದು, ಉಸ್ಸೆಂದು ಮೆಟ್ಟಿಲ ಮೇಲೆ ಕೂತುಬಿಡುವುದು. "ಸೋಂಬೇರಿ" ಎಂದು ಬೈದರೆ ನಗುವುದು. ನಿನ್ನ ಬೋಳುಕತ್ತಿ ಕೋಳಿಯ ಗರಿ ಉದುರುತ್ತಿತ್ತಲ್ಲ, ಅಂಗಡಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಅದರ ರೆಕ್ಕೆಯಲ್ಲಿ ಹೇನು ಹುಡುಕಿದರು! ಕಂಡದ್ದನ್ನೇ ಕಲಿಯಲಿ ಎಂದು ಗೂಡಿನೊಳಗೆ ಟೇಬಲ್ ಟೆನ್ನಿಸ್ ಚೆಂಡನ್ನು ಮೊಟ್ಟೆಯ ಹಾಗೆ ಇಟ್ಟರು. ಅದು ಗಾಳಿಗೆ ಹಾರಿ ಪಕ್ಕದ ಮನೆಯ ಚರಂಡಿ ಸೇರಿತು. ಕೊನೆಗೆ ನುಣ್ಣನೆಯ ಕಲ್ಲೊಂದನ್ನು ಇಟ್ಟೆವು. ಕೋಳಿಗಳು ಕಲ್ಲನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನಾನು "ಬಾ ಬಾ ಬಾ" ಎಂದು ಗಂಟಲು ಹರಿದುಕೊಂಡರೂ ಗೇಟಿನ ಹತ್ತಿರ ಗುಂಪು ಕಟ್ಟಿ ರಸ್ತೆ ನೋಡುತ್ತ ನಿಲ್ಲುತ್ತಿದ್ದವು. ಕಾಳು ಅರ್ಧಕ್ಕರ್ಧ ಉಳಿಯುತ್ತಿತ್ತು, ಮೈ ಬಡವಾಗುತ್ತಿತ್ತು.

"ಅಂಗಡಿಯಿಂದ ನಾಲ್ಕು ಮೊಟ್ಟೆ ತಂದು ಕಳಿಸಿಬಿಡೋಣ, ನಿಮ್ಮಕ್ಕನಿಗೆ ಸಮಾಧಾನ ಆಗ್ಲಿ," ಎಂದರು ಇವರು. "ನಮ್ಮಕ್ಕ ಮೊಟ್ಟೆ ಮುಟ್ಟಿ ನೋಡಿ ಯಾವ ಕೋಳಿದು ಅಂತ ಹೇಳ್ತಾಳೆ. ನೀವು ನಿಮ್ಮ ಗಡಿಯಾರ ನೋಡ್ಕೊಳ್ಳಿ," ಎಂದೆ.

ಹೀಗಿರುವಾಗ ಒಂದು ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಂದಿನಂತೆ ಕೂಗಿದೆ. "ರೀ... ಬನ್ರೀ, ಊಟ ಆರ್ತಾ ಇದೆ!"

ಅಕ್ಕಾ, ಏನು ಹೇಳಲಿ. ಗೇಟಿನ ಹತ್ತಿರವಿದ್ದ ನಾಲ್ಕೂ ರೆಕ್ಕೆ ಬಿಚ್ಚಿಕೊಂಡು, ಒಂದರ ಮೇಲೊಂದು ಬಿದ್ದುಕೊಂಡು ಓಡಿಬಂದವು. ಮೆಟ್ಟಿಲ ಮೇಲೆ ಕೂತಿದ್ದ ಇವರ ತೊಡೆಯನ್ನೇ ತುಳಿದುಕೊಂಡು ಒಳಗೆ ಬಂದು ನನ್ನ ಕಾಲ ಸುತ್ತ ನಿಂತು ಮುಖ ನೋಡಿದವು. ಇವರು ಸುತ್ತಿಗೆ ಹಿಡಿದುಕೊಂಡೇ ಕೇಳಿದರು, "ಏನೇ, ನನ್ನ ಕರೆದ್ಯೋ, ಇವರನ್ನ ಕರೆದ್ಯೋ?" ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಗುತ್ತ ನಗುತ್ತಲೇ ನನಗೆ ಅರ್ಥವಾಯಿತು. ಅನ್ನದ ಪಾತ್ರೆ ಒಲೆಯ ಮೇಲಿಟ್ಟು ಅಲ್ಲೇ ನೆಲಕ್ಕೆ ಕೂತುಬಿಟ್ಟೆ.

ಯಾವ ಕಾಳು, ಎಷ್ಟು ನೀರು, ಯಾವುದು ಯಾವುದನ್ನು ಕುಕ್ಕುತ್ತದೆ, ಎಲ್ಲ ನೀನು ನನಗೆ ಹೇಳಿಕೊಟ್ಟಿದ್ದೆ. ಇದೊಂದನ್ನು ಹೇಳಲಿಲ್ಲ. ಜೀವಮಾನವೆಲ್ಲ ದಿನಕ್ಕೆ ನೂರು ಸಲ "ರೀ" ಎಂದವಳು, ಭಾವ ಹೋದ ಮೇಲೆ ಆ ಮಾತನ್ನು ಎಲ್ಲಿಡಬೇಕೆಂದು ತಿಳಿಯದೆ ಹಿತ್ತಲಿಗೆ ಹೋಗಿ ಕೂಗಿದೆಯಾ? ಊಟದ ಹೊತ್ತಿಗೆ ಯಾರೋ ಒಬ್ಬರು ಓಡಿಬರಲಿ ಎಂದೇ? ನನಗೆ ಹೇಳಲು ನಿನಗೆ ನಾಚಿಕೆಯಾಯಿತೇನೋ. ನನ್ನ ಹತ್ತಿರ ಎಂಥ ನಾಚಿಕೆಯೇ, ಹುಚ್ಚೀ! ನಾನು ಆವತ್ತು ಊಟ ಮಾಡಲಿಲ್ಲ.

ಮಾರನೆಯ ದಿನದಿಂದ "ಬಾ ಬಾ" ಬಿಟ್ಟೆ. ಬೆಳಿಗ್ಗೆ ಸಂಜೆ "ರೀ, ಬನ್ರೀ" ಎಂದೇ ಮರ್ಯಾದೆಯಿಂದ ಕರೆದೆ. ಪಕ್ಕದ ಮನೆಯವಳು ಗೋಡೆಯ ಮೇಲಿಂದ ಇಣುಕಿ, "ಎಷ್ಟು ಜನ ಯಜಮಾನ್ರು ನಿಮಗೆ?" ಎಂದು ಕೇಳಿದಳು. ಕೇಳಲಿ ಬಿಡು. ಕೋಳಿಗಳು ಹೊಟ್ಟೆ ತುಂಬ ತಿಂದವು, ಗೇಟು ಮರೆತವು. ಬೋಳುಕತ್ತಿಗೆ ಹೊಸ ಗರಿ ಬಂತು, ಜುಟ್ಟು ಕೆಂಪೇರಿತು. ಒಂದು ಬೆಳಿಗ್ಗೆ ಕರೆದಾಗ ಮೂರೇ ಬಂದವು. ನಾಲ್ಕನೆಯದು ಎಲ್ಲಿ ಹಾಳಾಯಿತೋ ಎಂದು ಹುಡುಕಿದರೆ, ಬೋಳುಕತ್ತಿ ಗೂಡಿನಿಂದ ಇಳಿದು ಊರಿಗೆಲ್ಲ ಕೇಳುವಂತೆ ಕೂಗಿಕೊಂಡಿತು. ಕಲ್ಲಿನ ಪಕ್ಕದಲ್ಲಿ ಪುಟ್ಟದೊಂದು ಕಂದು ಮೊಟ್ಟೆ, ಇನ್ನೂ ಬೆಚ್ಚಗಿತ್ತು. ಇವರು ಅದನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಆಲಿಸಿ, "ನಡೀತಾ ಇದೆ" ಎಂದರು.

ಈಗ ಮೂರು ಕೋಳಿಗಳು ಇಡುತ್ತಿವೆ. ನಾಲ್ಕನೆಯದು, ಆ ಕುಂಟಿಗೆ ಮಾತ್ರ ಇನ್ನೂ ಬಿಗುಮಾನ. ಇವರ ಹಳೆಯ ಗಡಿಯಾರದ ಡಬ್ಬಿಯಲ್ಲಿ ಹತ್ತಿ ತುಂಬಿ, ಒಂದೊಂದರ ಒಂದೊಂದು ಮೊಟ್ಟೆ ಕಳಿಸಿದ್ದೇನೆ. ಮುಟ್ಟಿ ನೋಡು, ಯಾವುದು ಯಾರದೆಂದು ನೀನೇ ಹೇಳುತ್ತೀಯ. ಇನ್ನು ಕೊಟ್ಟ ಮಾತು ಉಳಿಸಿಕೋ. ಪೆಟ್ಟಿಗೆ ಬಿಚ್ಚು. ಭಾವನ ಕನ್ನಡಕ ಕಿಟಕಿಯ ಹತ್ತಿರ ಇಡು, ನಿನ್ನ ಬಾಚಣಿಗೆ ಕನ್ನಡಿಯ ಹತ್ತಿರ ಇಡು. ನಿನ್ನ ಮಗಳು ಒಳ್ಳೆಯವಳು, ಅವಳ ಮುಖ ನೋಡು.

ನನಗೆ ಬೈಯುವುದಿದ್ದರೂ ಸರಿ, ತಲೆಯ ಮೇಲೆ ಕೈಯಿಟ್ಟು ಹರಸುವುದಿದ್ದರೂ ಸರಿ, ಎರಡೂ ನಿನ್ನಿಂದಲೇ ಬರಬೇಕು. ಮೊಮ್ಮಕ್ಕಳಿಗೆ ನನ್ನ ಮುತ್ತು, ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಸಿಡುಕಿ

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಇವರು ನಿನ್ನ ಅಳಿಯನಿಗೆ ಗೂಡು ತೋರಿಸಲು ಹಿತ್ತಲಿಗೆ ಹೋಗಿದ್ದಾರೆ, ಅಷ್ಟರಲ್ಲಿ ಬರೆದುಬಿಡುತ್ತೇನೆ. ಆಸ್ಪತ್ರೆಗೆ ಹೋದದ್ದು ಸುಮ್ಮನೆ ತಪಾಸಣೆಗಲ್ಲ. ಮೆಟ್ಟಿಲ ಮೇಲೆ ಉಸ್ಸೆಂದು ಕೂರುತ್ತಿದ್ದದ್ದು ಸೋಂಬೇರಿತನವಲ್ಲ. ಈ ವರ್ಷ ತುಂಬುವುದು ಕಷ್ಟ ಎಂದರು ಡಾಕ್ಟರು. ಇವರು ಅವರೆದುರಿಗೂ ನಕ್ಕು, "ಈ ಮಾಡೆಲ್ಲಿಗೆ ಬಿಡಿಭಾಗ ಬರೋದು ನಿಂತು ಎಷ್ಟೋ ಕಾಲ ಆಯ್ತು ಬಿಡಿ" ಎಂದರು. ನಿನಗೆ ಹೇಳಕೂಡದಂತೆ. "ಪಾಪ, ಈಗ ತಾನೇ ಪೆಟ್ಟಿಗೆ ಬಿಚ್ತಾರೆ, ಅವರ ಮನಸ್ಸು ಕೆಡಿಸ್ಬೇಡ" ಎಂದು ಆಣೆ ಹಾಕಿಸಿಕೊಂಡಿದ್ದಾರೆ. ಅಕ್ಕಾ, ನಾನು ಆಣೆ ಮುರಿದೆ. ಮೇಲೆ ಬರೆದ ಬುದ್ಧಿಮಾತನ್ನೆಲ್ಲ ಹೊಡೆದುಹಾಕು. ಪೆಟ್ಟಿಗೆ ಬಿಚ್ಚಬೇಡ. ಹಾಗೇ ಎತ್ತಿಕೊಂಡು ಇಲ್ಲಿಗೆ ಬಾ. ಮುಂದೊಂದು ದಿನ ಊಟದ ಹೊತ್ತಿಗೆ ನಾನು ಹಿತ್ತಲ ಬಾಗಿಲಲ್ಲಿ ನಿಂತು "ರೀ" ಎಂದು ಕೂಗಿ, ಬರೀ ಕೋಳಿಗಳು ಓಡಿಬಂದರೆ, ಯಾರನ್ನು ಕರೆದೆ ಎಂದು ಕೇಳದೆ ಇರುವವಳು ನನಗೆ ನೀನೊಬ್ಬಳೇ.