ಇಸ್ತ್ರಿ ಹಾಕಬಾರದ ನಿಲುವಂಗಿ

ಲಾಕೇರ್,

ನಿನ್ನ ಮೇಲೆ ಕೂಗಾಡಬೇಕೆಂದೇ ಬರೆಯಲು ಕೂತೆ. ಈಗ ಯಾರ ಮೇಲೆ ಕೂಗಬೇಕೋ ನನಗೇ ತಿಳಿಯುತ್ತಿಲ್ಲ.

ಮುಟ್ಟಿದರೆ ಅಂಟುವ ರಕ್ತಜ್ವರದ ವಾರ್ಡಿನಲ್ಲಿ ಬರಿಮೈಯಲ್ಲಿ ಸಾಯಲಾರೆವು ಎಂದು ನಮ್ಮ ಗುಲು ಪಟ್ಟಣದ ಬೀದಿಯಲ್ಲಿ ಕೂತು, ಲಾಠಿ ತಿಂದು, ನಾವು ದಾದಿಯರು ರಕ್ಷಣೆಯ ಬಟ್ಟೆ ಗೆದ್ದೆವು. ಪೆಟ್ಟಿಗೆ ಬಿಚ್ಚಿದರೆ ಕಂಪಾಲಾದ ನಿನ್ನ ಪ್ರಯೋಗಶಾಲೆಯ ನಿಲುವಂಗಿಗಳು! ರೋಗಾಣು ಕೊಲ್ಲುವ ಮದ್ದನ್ನು ಪ್ಲಾಸ್ಟಿಕ್ ನೂಲಿನೊಳಗೇ ಬೆರೆಸಿ ಎಳೆದವಳು ನಮ್ಮ ಲಾಕೇರ್ ಎಂದು ವಾರ್ಡೆಲ್ಲ ಕುಣಿದೆವು.

ಕುಣಿತ ಮೊದಲ ಒಗೆತದವರೆಗೆ. ಬಟ್ಟೆ ಒಗೆಯುವ ಮಿನ್ ಓರ್ಯೆಮ್ ಅವನ್ನು ಬೇಲಿಯ ಮೇಲೆ ಒಣಹಾಕಿ, ಎಂದಿನಂತೆ ಇದ್ದಿಲಿನ ಇಸ್ತ್ರಿ ಎಳೆದಳು. ನೂಲು ಕರಗಿ ಇಸ್ತ್ರಿಪೆಟ್ಟಿಗೆಗೆ ಮೆತ್ತಿಕೊಂಡಿತು.

"ನಿನ್ನ ಗೆಳತಿ ಬಟ್ಟೆ ಮಾಡಿದ್ದೋ, ಮೇಣದಬತ್ತಿಯೋ?" ಎಂದಳು.

"ಇಸ್ತ್ರಿ ಬೇಡ ಅಂತ ಕಾಲರ್‌ನಲ್ಲೇ ಬರ್ದಿದೆಯಲ್ಲಮ್ಮಾ."

"ಹೌದಾ? ಹೋಗು, ನೊಣಕ್ಕೂ ಓದಿ ಹೇಳು."

ಒದ್ದೆ ಬಟ್ಟೆಗೆ ನಮ್ಮ ಕಡೆಯ ನೊಣ ಮೊಟ್ಟೆಯಿಡುತ್ತದೆ, ಇಸ್ತ್ರಿಯ ಕಾವಿನಿಂದ ಅದನ್ನು ಕೊಲ್ಲದೆ ತೊಟ್ಟರೆ ಹುಳ ಚರ್ಮದೊಳಗೆ ಇಳಿಯುತ್ತದೆ. ಇದನ್ನು ನಿನಗೆ ನಾನು ಹೇಳಬೇಕೇನೆ? ಹಾಸ್ಟೆಲಿನಲ್ಲಿ ನಿನ್ನ ಬೆನ್ನಿನ ಬೊಕ್ಕೆಗೆ ವ್ಯಾಸಲೀನ್ ಮೆತ್ತಿ ಹುಳ ಹಿಂಡಿ ತೆಗೆದದ್ದು ಈ ಕೈಗಳೇ. "ಮೆಲ್ಲಗೆ ಕಣೇ ರಾಕ್ಷಸಿ!" ಎಂದು ನೀನು ಚೀರಿದ್ದೆ. ಆ ಬೆನ್ನು ಹೊತ್ತುಕೊಂಡೇ ಈ ನೂಲು ಎಳೆದೆಯಲ್ಲ, ಹೇಗೆ ಮರೆತೆ? ನಿಮ್ಮಲ್ಲಿ ಬಟ್ಟೆ ಯಂತ್ರದೊಳಗೆ ಒಣಗುತ್ತದೆ, ಅದಕ್ಕೋ? ಅಥವಾ ಜ್ವರದ ಮುಂದೆ ಹುಳವೊಂದು ಲೆಕ್ಕವೇ ಎಂದುಕೊಂಡೆಯೋ? ಹಾಗೆಂದುಕೊಂಡಿದ್ದರೆ, ಅದು ತಪ್ಪೆಂದು ಎದೆ ತಟ್ಟಿ ಹೇಳಲೂ ನನ್ನಿಂದಾಗದು.

ಇಸ್ತ್ರಿ ಹಾಕಿದರೆ ನಿನ್ನ ನೂಲು ಹಾಳು. ಹಾಕದಿದ್ದರೆ ನಮ್ಮ ಮೈ ಹಾಳು. "ಕೇಳಿದ್ದು ಕೊಟ್ಟಾಯ್ತಲ್ಲ, ಇನ್ನೇನು ನಿಮ್ಮ ನಖರಾ?" ಎನ್ನುತ್ತಾನೆ ಮೇಲಧಿಕಾರಿ. ಶುಕ್ರವಾರ ಮಾವಿನ ಮರದಡಿ ದಾದಿಯರ ಸಭೆ. ಉಳಿದ ಅಂಗಿಗಳನ್ನು ತೊಡಬೇಕೋ, ಅವನ ಮುಖಕ್ಕೆ ಎಸೆಯಬೇಕೋ ನಾನು ಹೇಳಬೇಕು. ಎಸೆಯಿರಿ ಎಂದರೆ ಜ್ವರಕ್ಕೆ ನಮ್ಮವರನ್ನು ನಾನೇ ಒಪ್ಪಿಸಿದಂತೆ. ತೊಡಿ ಎಂದರೆ ನಾನೂ ಅವನ ಬಾಲ. ಇಷ್ಟು ವರ್ಷ ಮುಂದೆ ನಿಂತು ಘೋಷಣೆ ಕೂಗಿಸಿದವಳು ನಾನೇ ಲಾಕೇರ್. ಎದುರಿಗೆ ಶತ್ರು ನಿಂತಿದ್ದರೆ ಏನು ಕೂಗಬೇಕೆಂದು ಗೊತ್ತಿತ್ತು. ನಿಂತಿರುವವಳು ನೀನು.

ಒಂದು ಅಂಗಿಯನ್ನು ನಾನೇ ಒಗೆದು ಬೇಲಿಗೆ ಹರವಿದ್ದೇನೆ. ಇಸ್ತ್ರಿ ಹಾಕುವುದಿಲ್ಲ. ನಿನ್ನ ಅಳತೆಯದು. ಈ ಕಾಗದವನ್ನು ಸಂಜೆಯ ಬಸ್ಸಿನವನ ಕೈಗೆ ಕೊಡುತ್ತೇನೆ. ಶುಕ್ರವಾರದೊಳಗೆ ಹೊರಟು ಬಾ. ಅದನ್ನು ತೊಟ್ಟು ನನ್ನ ಜೊತೆ ಒಂದು ಪಾಳಿ ವಾರ್ಡಿನಲ್ಲಿ ನಿಲ್ಲು. ಆಮೇಲೆ ಮಾವಿನ ಮರದಡಿ ನಾನಲ್ಲ, ನೀನು ಮಾತಾಡು.

ನಿನ್ನ ನೂಲು ಗೆಲ್ಲಲಿ, ನಿನ್ನ ಬೆನ್ನು ತಣ್ಣಗಿರಲಿ. ವ್ಯಾಸಲೀನ್ ತೆಗೆದಿಟ್ಟಿರುತ್ತೇನೆ.

ನಿನ್ನ ರಾಕ್ಷಸಿ,
ಆಚಿರೊ