ಗೋಡೆಯ ಮೇಲಿನ ಏಳನೇ ಸಾಲು

ಮಾರ್ಚ್ ೧೨, ಗುರುವಾರ ಮಧ್ಯಾಹ್ನ
ಕಣ್ಣಿನ ವಿಭಾಗ, ಕೋಣೆ ನಂಬರ್ ನಾಲ್ಕು

ಮುದ್ದಿನ ಪಿಟೀಲೇ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಅತ್ತೆಗೆ ಸೊಕ್ಕು ಬಂದಿದೆ ಅಂತ ಇಷ್ಟರಲ್ಲಿ ನಿನ್ನಮ್ಮನ ಹತ್ತಿರ ಹೇಳಿಯಾಗಿರುತ್ತದೆ. ಸೊಕ್ಕಲ್ಲ ಕಣೇ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಹರಿದುಹಾಕಿದೆ. ಅತ್ತಿಗೆಯ ಮಂಡಿನೋವು ಹೇಗಿದೆ? ಮಾತ್ರೆ ನುಂಗುವುದರಲ್ಲಿ ಅವಳದು ಯಾವಾಗಲೂ ಕಳ್ಳಾಟ, ಎದುರಿಗೆ ನಿಂತು ನುಂಗಿಸು.

ಹುಟ್ಟಿದ ದಿನವೇ ಸಣ್ಣ ದನಿಯಲ್ಲಿ ರಾಗ ತೆಗೆದೆ ಅಂತ ನಿನ್ನಪ್ಪ ಪಿಟೀಲು ಅಂತ ಕರೆದ. ಇವತ್ತಿಗೂ ಕುಯ್ಯುವುದು ನಿಲ್ಲಿಸಿಲ್ಲ ನೀನು. ಒಂದೇ ಕಾಗದದಲ್ಲಿ ಹನ್ನೊಂದು ಪ್ರಶ್ನೆ! ಕಣ್ಣಿನ ಕಸುಬಿನಲ್ಲಿ ಏನೇನು ಕೆಲಸ ಇದೆ, ಯಾವುದು ನನಗೆ ಹೊಂದುತ್ತದೆ, ದೃಷ್ಟಿ ಅಳೆಯುವುದು ಹೇಗೆ. ಕೊನೆಗೆ, ತರಬೇತಿಯ ಅರ್ಜಿಗೆ ಈ ಕಸುಬಿನವರ ಶಿಫಾರಸು ಪತ್ರ ಬೇಕು, ‘ಅಪ್ಪನಿಗೆ ವರ್ಷಾವರ್ಷ ಸಹಿ ಹಾಕಿದ ಕೈಯಿಂದಲೇ ನನಗೂ ಹಾಕಿಕೊಡಿ ಅತ್ತೆ’ ಅಂತ. ಮಾರ್ಚ್ ಇಪ್ಪತ್ತನೇ ತಾರೀಕು ಕೊನೆಯ ದಿನ ಅಂದಿದ್ದೀಯ. ನನ್ನ ಪೆನ್ನು ನಿಂತುಹೋದದ್ದು ಅಲ್ಲಿಯೇ.

ಮೊದಲು ಸುಲಭದವು. ಕಣ್ಣಿನ ಡಾಕ್ಟರಾಗಬೇಕಾದರೆ ಓದು ಉದ್ದ, ಕೈ ನಡುಗಬಾರದು. ನಮ್ಮ ಡಾಕ್ಟರಮ್ಮ ಅರ್ಧ ಗಂಟೆಯೊಳಗೆ ಪೊರೆ ತೆಗೆದು ಕಳಿಸುತ್ತಾರೆ. ತಮ್ಮ ಕನ್ನಡಕ ಎಲ್ಲಿಟ್ಟೆ ಅಂತ ಮಾತ್ರ ಇಡೀ ಬೆಳಿಗ್ಗೆ ಹುಡುಕುತ್ತಾರೆ. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವರದು ಕೂದಲೆಳೆಯ ಲೆಕ್ಕ. ಮೆಳ್ಳೆಗಣ್ಣಿನ ಮಕ್ಕಳಿಗೆ ವ್ಯಾಯಾಮ ಕಲಿಸುವವರಿದ್ದಾರೆ, ಅದಕ್ಕೆ ಭೂಮಿತೂಕದ ತಾಳ್ಮೆ ಬೇಕು, ನಿನಗಿಲ್ಲ. ಸಾವಾದ ಮನೆಗೆ ಹೋಗಿ ಕಣ್ಣು ದಾನ ಕೇಳುವವರೂ ಇದ್ದಾರೆ, ಅದು ಎಲ್ಲರ ಕೈಲಾಗುವ ಮಾತಲ್ಲ. ನನ್ನದು ಇವರೆಲ್ಲರ ನಡುವಿನ ಕೆಲಸ. ಯಾರಿಗೆ ಎಷ್ಟು ಕಾಣುತ್ತದೆ ಅಂತ ಅಳೆದು, ಬರೆದು, ಸಹಿ ಹಾಕುವುದು.

ಅಳೆಯಲು ಆರು ಮೀಟರು ದೂರ ಬೇಕು. ನನ್ನ ಕೋಣೆ ಇರುವುದೇ ಮೂರು. ಅದಕ್ಕೆ ಅಕ್ಷರದ ಬೋರ್ಡನ್ನು ಕೂತವರ ತಲೆಯ ಹಿಂದೆ ನೇತುಹಾಕಿ, ಎದುರಿನ ಗೋಡೆಗೆ ಕನ್ನಡಿ ಇಟ್ಟಿದ್ದೇವೆ. ಬೋರ್ಡಿನಲ್ಲಿ ಅಕ್ಷರಗಳು ತಿರುವುಮುರುವು, ಕನ್ನಡಿಯಲ್ಲಿ ನೆಟ್ಟಗೆ. ಮೇಲೆ ಅಂಗೈಯಗಲದ ಒಂದಕ್ಷರ, ಕೆಳಗೆ ಹೋದಂತೆ ಚಿಕ್ಕದಾಗುತ್ತಾ ಏಳು ಸಾಲು. ಒಂದು ಕಣ್ಣು ಮುಚ್ಚಿಸಿ ಇನ್ನೊಂದರಿಂದ ಓದಿಸಬೇಕು. ಏಳನೇ ಸಾಲು ಓದಿದರೆ ದೃಷ್ಟಿ ಪೂರ್ತಿ. ಆಮೇಲೆ ದಪ್ಪ ಫ್ರೇಮಿಗೆ ಗಾಜು ಬದಲಿಸುತ್ತಾ ‘ಇದು ಚೆನ್ನಾಗಿದೆಯಾ, ಇದಾ?’ ಅಂತ ಗಂಟಲು ಒಣಗುವವರೆಗೆ ಕೇಳಬೇಕು. ಕೂದಲು ನೆರೆತವರೂ ಎದ್ದು ಹೋಗುವಾಗ ‘ಪಾಸಾದ್ನಾ ಮೇಡಂ?’ ಅನ್ನುತ್ತಾರೆ.

ಪುಸ್ತಕದಲ್ಲಿಲ್ಲದ ಒಂದು ಮಾತು ಕೇಳು. ಈ ಕುರ್ಚಿಯಲ್ಲಿ ಜನ ಸುಳ್ಳು ಹೇಳುತ್ತಾರೆ. ಕೆಟ್ಟವರಾಗಿ ಅಲ್ಲ, ಹೆದರಿ. ಬೆರಳ ಸಂದಿಯಿಂದ ಇಣುಕುತ್ತಾರೆ. ಹೊರಗಿನ ಬೆಂಚಿಗೆ ಒಳಗಿನ ಓದು ಕೇಳಿಸುತ್ತದೆ; ಹತ್ತು ಜನ ಓದಿ ಮುಗಿಸುವಷ್ಟರಲ್ಲಿ ಹನ್ನೊಂದನೆಯವರಿಗೆ ಏಳನೇ ಸಾಲು ಮಗ್ಗಿಯಂತೆ ಬಾಯಿಗೆ ಬಂದಿರುತ್ತದೆ. ಅದಕ್ಕೇ ಬೋರ್ಡನ್ನು ಆಗಾಗ ಬದಲಿಸಬೇಕು, ಹೊರಗಿನವರಿಗೆ ಹೇಳದೆ.

ನಿನ್ನಪ್ಪನೂ ಆ ಬೆಂಚಿನವನೇ. ಬೆಳಗಿನ ಟ್ರಿಪ್ಪು ಮುಗಿಸಿ ಬಸ್ಸು ಡಿಪೋಗೆ ಬಿಟ್ಟು, ಟೀ ಫ್ಲಾಸ್ಕು ಹಿಡಿದು ದಿನಾ ಬಂದು ಕೂರುತ್ತಿದ್ದ. ‘ತಂಗೀ, ಟೀ ಆರತ್ತೆ, ಒಳಗಿರೋರ ಕಣ್ಣು ಬೇಗ ತೆರೆಸು’ ಅಂತ ಕೂಗುತ್ತಿದ್ದ. ವರ್ಷಕ್ಕೊಮ್ಮೆ ಮಾತ್ರ ಒಳಗೆ ಬಂದು, ಡ್ರೈವರಿನ ದೃಷ್ಟಿ ಸರ್ಟಿಫಿಕೇಟಿಗಾಗಿ ನನ್ನ ಕುರ್ಚಿಯಲ್ಲಿ ಶಾಲೆಯ ಮಗುವಿನ ಹಾಗೆ ನೆಟ್ಟಗೆ ಕೂರುತ್ತಿದ್ದ. ಗ, ವ, ಲ, ಪ, ಮ, ನ, ರ. ಯಾವ ವರ್ಷವೂ ಒಂದಕ್ಷರ ತಪ್ಪಿದ್ದಿಲ್ಲ.

ಈಗ ಅವನು ಹೋಗಿ ಮೂರು ವರ್ಷವಾದರೂ ನನಗೆ ಆ ಓದು ಕೇಳಿಸುವುದು ನಿಂತಿಲ್ಲ. ಬೆಳಿಗ್ಗೆ ಕೋಣೆ ತೆರೆದು ಬೋರ್ಡಿನ ದೀಪ ಹಾಕಿದ ಕೂಡಲೇ ಖಾಲಿ ಕುರ್ಚಿಯಿಂದ ಶುರುವಾಗುತ್ತದೆ. ಕನ್ನಡಿಯಲ್ಲಿ ಯಾರೂ ಇರುವುದಿಲ್ಲ, ನಾನು ನೋಡುತ್ತೇನೆ. ಏಳೂ ಅಕ್ಷರ ಮುಗಿಯುವವರೆಗೆ ನಿಂತಿದ್ದು ಆಮೇಲೆ ಮೊದಲನೆಯವರನ್ನು ಕರೆಯುತ್ತೇನೆ. ವಯಸ್ಸಾಯಿತು, ಭ್ರಮೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

ನಿನ್ನ ಕಾಗದ ಬಂದ ವಾರವೇ ಅವನ ಬಸ್ಸಿನ ಕಂಡಕ್ಟರ್ ಓದುವ ಕನ್ನಡಕಕ್ಕೆ ಅಂತ ಬಂದಿದ್ದರು. ಅಪಘಾತವಾದ ಸಂಜೆ ಬದುಕುಳಿದವರು ಅವರೊಬ್ಬರೇ, ಇನ್ನೂ ಕೋಲು ಹಿಡಿದೇ ನಡೆಯುತ್ತಾರೆ. ನಮಗೆಲ್ಲ ಗೊತ್ತಿರುವುದು ಒಂದೇ ಕಥೆ: ಮುಸ್ಸಂಜೆ, ಖಾಲಿ ಬಸ್ಸು ಡಿಪೋಗೆ ಹೋಗುತ್ತಿತ್ತು, ಹಿಂದಿನ ದೀಪವಿಲ್ಲದ ಲಾರಿ ರಸ್ತೆಯಲ್ಲೇ ನಿಂತಿತ್ತು, ತಪ್ಪು ಲಾರಿಯವನದು. ತನಿಖೆಯವರೂ ನನ್ನ ಸರ್ಟಿಫಿಕೇಟು ನೋಡಿ ‘ಡ್ರೈವರಿನ ದೃಷ್ಟಿ ಸರಿಯಿತ್ತು’ ಅಂತ ಬರೆದುಕೊಂಡು ಹೋದರು.

ಫ್ರೇಮು ಕಿವಿಗೆ ಸಿಕ್ಕಿಸುವಾಗ ಕಂಡಕ್ಟರ್ ತಾವಾಗಿಯೇ ಅಂದರು: “ಮೇಡಂ, ನಿಮ್ಗೊಂದು ಹೇಳ್ಬೇಕು ಅಂತ ಮೂರು ವರ್ಷದಿಂದ ಇದೆ. ಆ ಲಾರಿ ನಂಗೆ ದೂರದಿಂದ್ಲೇ ಕಾಣ್ತು. ಅಷ್ಟು ಕತ್ಲೇನೂ ಆಗಿರ್ಲಿಲ್ಲ. ‘ಲಾರಿ, ಲಾರಿ’ ಅಂತ ಕೂಗ್ದೆ. ನಿಮ್ಮಣ್ಣ ಸ್ಟೇರಿಂಗ್ ಮೇಲೆ ಬಗ್ಗಿ ‘ಎಲ್ಲಿ?’ ಅಂದ್ರು. ಅಷ್ಟೇ.”

ನನ್ನ ಕೈಯಲ್ಲಿದ್ದ ಗಾಜು ಬಿತ್ತು. ಒಡೆಯಲಿಲ್ಲ. ಅವತ್ತಿನಿಂದ ಖಾಲಿ ಕುರ್ಚಿಯ ಓದಿನ ಕೊನೆಗೆ ಎಂಟನೆಯದಾಗಿ ಆ ‘ಎಲ್ಲಿ?’ ಅನ್ನುವ ಮಾತೂ ಸೇರಿಕೊಂಡಿದೆ.

ನಿನ್ನ ಶಿಫಾರಸು ಪತ್ರ ಬರೆದು, ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ನಮ್ಮ ಡಾಕ್ಟರಮ್ಮನದೂ ಒಂದಿದೆ. ನಿನ್ನ ಅಂಕಪಟ್ಟಿ ನೋಡಿ ಸಂತೋಷದಿಂದ ಕೊಟ್ಟರು. ಅರ್ಜಿಗೆ ಒಂದೇ ಸಾಕು. ಈ ಕಾಗದವನ್ನು ಕೊನೆಯವರೆಗೂ ಓದಿ, ಯಾವುದು ಬೇಕೋ ನೀನೇ ಆರಿಸಿಕೋ. ಇನ್ನೊಂದನ್ನು ಹರಿದುಹಾಕು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ನಿನಗೆ ಒಳ್ಳೆಯದಾಗಲಿ ಮಗಳೇ. ನಿನ್ನ ಮುಂದೆ ಕೂತವರಿಗೆ ನಿನ್ನಿಂದ ಬೆಳಕಾಗಲಿ. ಮನೆಯವರೇ ಬಂದು ಕೂತರೂ ‘ಇಲ್ಲ’ ಅನ್ನುವ ನಾಲಿಗೆ ನಿನಗಿರಲಿ.

ಇಂತಿ,
ನಿನ್ನ ಸೋದರತ್ತೆ

ತಾ.ಕ.: ಅತ್ತಿಗೆಗೆ ಇದನ್ನು ನೀನು ಓದಿ ಹೇಳಬೇಡ, ನಾನೇ ಬಂದು ಹೇಳುತ್ತೇನೆ. ಬೋರ್ಡು ಬದಲಿಸಬೇಕು ಅಂದೆನಲ್ಲ. ನಿನ್ನಪ್ಪನ ಕೊನೆಯ ಸರ್ಟಿಫಿಕೇಟಿನ ವರ್ಷ ಬದಲಿಸಿದ್ದೆ. ಸೋಮವಾರ ಬೆಳಿಗ್ಗೆ ಹೊಸದನ್ನು ನೇತುಹಾಕಿ ಹತ್ತು ನಿಮಿಷವಾಗಿರಲಿಲ್ಲ, ನಿನ್ನಪ್ಪ ಸರ್ಟಿಫಿಕೇಟಿಗೆ ಬಂದ. ಬೆಂಚಿನ ಮೇಲೆ ಇನ್ನೂ ಯಾರೂ ಇರಲಿಲ್ಲ. ಕನ್ನಡಿಯಲ್ಲಿ ಏಳನೇ ಸಾಲು ತ, ಕ, ದ, ಯ, ಬ, ಸ, ಹ ಅಂತಿತ್ತು. ನಿನ್ನಪ್ಪ ಅದನ್ನೇ ದಿಟ್ಟಿಸಿ ತಡವರಿಸದೆ ಓದಿದ: ಗ, ವ, ಲ, ಪ, ಮ, ನ, ರ. ಇನ್ನೊಂದು ಕಣ್ಣಿಗೂ ಅದನ್ನೇ ಓದಿದ.

ಪೊರೆ ಇರಬೇಕು ಅಂತ ಆಗಲೇ ಹೊಳೆಯಿತು. ಟಾರ್ಚು ಕೈಯಲ್ಲೇ ಇತ್ತು, ಹಾಕಲಿಲ್ಲ. ನೋಡಿಬಿಟ್ಟರೆ ಬರೆಯಬೇಕಾಗುತ್ತಿತ್ತು. ಅವನ ರಿಟೈರ್ಮೆಂಟಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ನನ್ನನ್ನು ಈ ಕೆಲಸಕ್ಕೆ ಓದಿಸಿದವನನ್ನು ನಾನೇ ಸೀಟಿನಿಂದ ಇಳಿಸಲಾರದೆ ಹೋದೆ. ಮುಂದಿನ ತಿಂಗಳು ನಯವಾಗಿ ಹೇಳಿ ಪೊರೆ ತೆಗೆಸೋಣ ಅಂದುಕೊಂಡೆ. ಹಾಗೆ ಅಂದುಕೊಳ್ಳುತ್ತಲೇ ಐದು ತಿಂಗಳು ಹೋದವು.

ಆ ಸೋಮವಾರ ಓದು ಮುಗಿಸಿ ಅವನು ಕಣ್ಣಿಗೆ ಹಿಡಿದಿದ್ದ ಮುಚ್ಚಳ ಕೆಳಗಿಳಿಸಿ, ನನ್ನ ಮುಖದ ಕಡೆ ತಿರುಗಿ, “ಸರಿಯಾಗಿ ಓದಿದ್ನಾ?” ಅಂದ.

“ಒಂದೂ ತಪ್ಪಿಲ್ಲ ಅಣ್ಣ” ಅಂದೆ.